ಬಚ್ಚಲ ಹಿಂದಿನ ಪುದೀನ

ಪುದೀನ ಎಲೆಯನ್ನು ಬೆರಳಲ್ಲಿ ಹೊಸಕಿದರೆ ನನ್ನ ಮೂಗಿಗೆ ಮೊದಲು ಬರುವುದು ಒದ್ದೆ ಕಲ್ಲು, ಸೌದೆ ಹೊಗೆ, ಸೀಗೆಪುಡಿ. ಪುದೀನ ಆಮೇಲೆ. ನಂಜನಗೂಡಿನ ಮನೆಯ ತಾರಸಿಯಲ್ಲಿ ಪೇಂಟಿನ ಡಬ್ಬಿಯೊಳಗೆ ನಾನೂ ಬೆಳೆಸಿದ್ದೇನೆ. ಕಟ್ಟು ತಂದು ಎಲೆ ಬಿಡಿಸಿಕೊಂಡು ಉಳಿದ ಕಡ್ಡಿ ಚುಚ್ಚಿದರೆ ಚಿಗುರುತ್ತದೆ, ಅದಕ್ಕೇನೂ ವಿದ್ಯೆ ಬೇಡ. ಆದರೆ ಕವಲಂದೆಯಲ್ಲಿ ನಮ್ಮಜ್ಜಿ ಬೆಳೆಸಿದಂಥದ್ದು ಡಬ್ಬಿಯಲ್ಲಿ ಬರುವುದಿಲ್ಲ. ಬಚ್ಚಲ ನೀರು ಹರಿದುಹೋಗುವ ಜಾಗದಲ್ಲಿ ಏನಾದರೂ ಬೆಳೆದುಕೊಂಡ ಮನೆಯವರಿಗೆ ನಾನು ಹೇಳುವುದು ಗೊತ್ತಾಗುತ್ತದೆ.

ನಮ್ಮ ಬಚ್ಚಲ ಹಿಂದೆ ನುಗ್ಗೆಮರದ ಅರೆನೆರಳಿತ್ತು. ಅಲ್ಲಿ ಮಂಡಿಯೆತ್ತರ ಪುದೀನ. ತುದಿ ಚಿವುಟಬೇಕು, ಬೇರು ಅಲುಗಿಸಬಾರದು, ಹೂ ಬಿಡಲು ಬಿಡಬಾರದು. ಇಷ್ಟೇ ಅಜ್ಜಿಯ ಕಾನೂನು. ಹೊಟ್ಟೆನೋವು ಅಂದರೆ ನಾಲ್ಕೆಲೆ ಬಾಯಿಗೆ ತುರುಕುತ್ತಿದ್ದಳು. ಹಸಿಮೆಣಸಿನಕಾಯಿ, ಹುಣಸೆಹಣ್ಣು, ಹುರಿದ ಕಡಲೆಬೀಜ ಸೇರಿಸಿ ಒರಳಲ್ಲಿ ರುಬ್ಬಿದ ಚಟ್ನಿ ಇದ್ದ ದಿನ ರಾಗಿಮುದ್ದೆ ಎಷ್ಟು ತಿಂದೆವೆಂದು ಯಾರೂ ಕೇಳುತ್ತಿರಲಿಲ್ಲ. ಬಚ್ಚಲ ನೀರು ಕುಡಿದ ಸೊಪ್ಪೆಂದು ಹೇಸುವುದೂ ಇರಲಿಲ್ಲ. ಮೂರು ನೀರಲ್ಲಿ ತೊಳೆಯಬೇಕು, ಅಷ್ಟೆ.

ಅಪ್ಪನ ತಂಗಿ, ನಮ್ಮತ್ತೆ, ಗಂಡಸಿನಷ್ಟು ಉದ್ದ. ಅದೇ ಕಾರಣಕ್ಕೆ ಇಬ್ಬರು ನೋಡಿ ಬೇಡ ಅಂದುಹೋಗಿದ್ದರು. ಮೂರನೆಯವರು ನರಸೀಪುರದ ಕಡೆಯವರು. ಹುಡುಗ ಅತ್ತೆಗೆ ಹಿಡಿಸಿದ್ದ. ಹೇಳಿರಲಿಲ್ಲ, ಆದರೆ ಅವನ ಊರಿನ ಹೆಸರು ಬಂದಾಗಲೆಲ್ಲ ಒಲೆಯ ಸೌದೆ ಸರಿಮಾಡಲು ಕೂರುತ್ತಿದ್ದಳು. ಒಂದು ದಿನ ಅವನೂ ಅವರಪ್ಪನೂ ಬಾಡೂಟಕ್ಕೆ ಬರುವುದಿತ್ತು. ಉಂಡಮೇಲೆ ಎಲೆಅಡಿಕೆ ತಟ್ಟೆಗೆ ಕೈಹಾಕಿದರೆ ಒಪ್ಪಿಗೆ. ಹಾಗೇ ಎದ್ದರೆ ಮುಗಿಯಿತು.

ಬೀಗರ ಮುಂದೆ ಘಮಘಮ ಅನ್ನಬೇಕೆಂದು ಅಪ್ಪ ಹಿಂದಿನ ದಿನವೇ ವಾಸನೆ ಸೋಪು ತಂದಿದ್ದ. ಬೆಳಗಿಂದ ಅಪ್ಪ, ಚಿಕ್ಕಪ್ಪಂದಿರು ಒಬ್ಬರಾದಮೇಲೊಬ್ಬರು ಉಜ್ಜಿಕೊಂಡು ಮಿಂದರು. ಆ ನೊರೆಯೆಲ್ಲ ಪುದೀನದ ಮೇಲೆ. ಸೊಪ್ಪು ತರುವ ಕೆಲಸ ನನ್ನದು. ಗಂಡು ನೋಡುವ ಆಸೆಗೆ ಒಂದೇ ನೀರಲ್ಲಿ ಅದ್ದಿ ಅಮ್ಮನಿಗೆ ಕೊಟ್ಟು ಓಡಿದೆ. ಅವಳು ಅದನ್ನೇ ಮಸಾಲೆಗೆ ರುಬ್ಬಿದಳು.

ಗಂಡಿನ ಅಪ್ಪ ಎರಡು ತುತ್ತು ನುಂಗಿ ನಿಲ್ಲಿಸಿದ.

“ಅವ್ವ, ಸಾರ್ಗೆ ಏನಾಕಿದ್ದೀಯೆ?”

ಬಾಗಿಲ ಹಿಂದೆ ಅತ್ತೆ ಸಂದಿಗೆ ಕಣ್ಣಿಟ್ಟು ನಿಂತಿದ್ದಳು. ಅಜ್ಜಿ ಸೌಟಿಗೆ ನಾಲಿಗೆ ತಾಕಿಸಿ ನೋಡಿ, ಸೌಟು ಕೆಳಗಿಟ್ಟಳು.

“ಸೋಪು ಕಣಪ್ಪ. ನಿಮ್ ಮುಂದೆ ಗಮ್ ಅನ್ಲಿ ಅಂತ ನನ್ ಮಕ್ಳು ಉಜ್ಕಂಡೋ, ಪುದೀನ ಕುಡ್ಕತು. ಈ ಮೂದೇವಿ ಸರ್ಯಾಗಿ ತೊಳೀಲಿಲ್ಲ. ಸಾರು ಕೆಟ್ಟದೆ. ಮೊಸ್ರಾಕ್ತೀನಿ, ಉಣ್ಣಿ.”

ಆತ ಅವಳ ಮುಖವನ್ನೇ ನೋಡಿದ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ.

“ಮೂರ್ ಮನೇಲಿ ಎಣ್ ನೋಡ್ದೊ ಕಣವ್ವ. ಎಲ್ರೂ ನಮ್ದು ಚಿನ್ನ ಅಂದ್ರು. ಕೆಟ್ಟದೆ ಅಂತ ಬಾಯ್ಬುಟ್ಟು ಯೋಳ್ದೋಳು ನೀನೊಬ್ಳೆಯ.” ಊಟ ಮುಗಿಸಿ ಕೈತೊಳೆದು ತಾನೇ ತಟ್ಟೆ ಎಳೆದುಕೊಂಡು ವೀಳ್ಯದೆಲೆಗೆ ಸುಣ್ಣ ಸವರಿದ.

ಅಂದಿನಿಂದ ಅಪ್ಪನ ಸೋಪು ಸ್ನಾನ ಕೊಟ್ಟಿಗೆಯ ಕಲ್ಲಿನ ಮೇಲೆ. ಅತ್ತೆ ಗಂಡನ ಮನೆಗೆ ಹೋಗುವಾಗ ಅಜ್ಜಿ ಒದ್ದೆ ಬಟ್ಟೆಯಲ್ಲಿ ಪುದೀನದ ಕಡ್ಡಿ ಸುತ್ತಿಕೊಟ್ಟು, “ಮೂರ್ ನೀರು” ಎಂದಷ್ಟೇ ಹೇಳಿದಳು. ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು. ಬಚ್ಚಲು ಕೆಡವಿ ಸಿಮೆಂಟು ಹಾಕಿದರು. ಹೋದ ವರ್ಷ ಅತ್ತೆಯೂ ತೀರಿಕೊಂಡಳು.

ತಿಥಿಯ ದಿನ ಅವಳ ಗಂಡನ, ನಮ್ಮ ಮಾವನ, ಪಕ್ಕ ಜಗಲಿಯಲ್ಲಿ ಕೂತಿದ್ದೆ. ಅಷ್ಟು ವರ್ಷ ಕೇಳಿರಲಿಲ್ಲ, ಕೇಳಿಬಿಟ್ಟೆ. ಆ ಸಾರು ನಿಜವಾಗಿ ಅಷ್ಟು ಕೆಟ್ಟಿತ್ತಾ ಅಂತ.

“ನಂಗೇನ್ ಗೊತ್ತವ್ವ,” ಅಂದ ಮಾವ. “ಬಾಗ್ಲ ಸಂದೀಲಿ ನಿಮ್ಮತ್ತೆ ಬೆರ್ಳು ಕಚ್ಕಂಡು ನಿಂತಿದ್ಲು. ನಾನು ಆ ಸಾರ್ನೇ ಎಲ್ಡ್ ಸಲ ಆಕುಸ್ಕಂಡು ಉಂಡೆ.”

ಒಳಗೆ ಮೊಮ್ಮಕ್ಕಳು ಊಟಕ್ಕೆ ಎಲೆ ಹಾಸುತ್ತಿದ್ದರು. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿದು ಎದ್ದು, ಸಾಲಿನ ಕೊನೆಗೆ ಹೋಗಿ ಕೂತ.