ಗಡಿಯಲ್ಲಿ ಒಡೆದ ಕಾಯಿ

ನೇಪಾಳಕ್ಕೆ ಹೋಗಲು ನಮ್ಮ ದೇಶದವರಿಗೆ ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ. ಎಪ್ಪತ್ತರ ದಶಕದಲ್ಲಿ, ತಿಕೋಟಾದ ದೊಡ್ಡಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಈ ಮಾತು ಹೇಳಿದಾಗ ಯಾರೂ ನಂಬಲಿಲ್ಲ. ಆಗಷ್ಟೇ ವಿಜಯಪುರದಲ್ಲಿ ಬಿ.ಎ. ಮುಗಿಸಿದ್ದೆ. ಬಲ್ಲವರನ್ನು ವಿಚಾರಿಸಿಕೊಂಡೇ ಹೇಳಿದ್ದೆ.

ವಿಜಯಪುರದ ಜೋರಾಪುರ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ದೊಡ್ಡಪ್ಪನ ಹಳೆಯ ಗೆಳೆಯರು. ಹಜ್ ಮುಗಿಸಿ ಬಂದಿದ್ದರು. ಅವರಿಗೆ ನನ್ನ ಮಾತು ಕೇಳಿ ನಗು.

“ನಾ ಹಜ್‌ಗೆ ಹೋಗೂಮುಂದ ಸೂಜಿ ಚುಚ್ಚಿಸ್ಕೊಂಡೀನಿ, ಫೋಟೋ ತಗಿಸೀನಿ, ತಿಂಗಳಗಟ್ಲೆ ಕಾದೀನಿ. ನಿಮ್ಮನ್ನ ಹಂಗ ಒಳಗ ಬಿಡ್ತಾರಂದ್ರ ಅದು ಪರದೇಶ ಹೆಂಗ ಆಗತೈತವ್ವಾ?”

“ಬಿಡ್ತಾರ್ರಿ ಕಾಕಾ. ಬಂದು ಹೇಳ್ತೀನಿ.”

“ಬಂದ್ರ ಹೇಳು!”

ಹಿಂದಿನ ವರ್ಷ ದೊಡ್ಡಪ್ಪ ಬಾವಿಯೊಳಗೆ ಬಿದ್ದು ಬದುಕಿ ಉಳಿದಿದ್ದರು. ಎಡಗಾಲು ಮಾತ್ರ ಮೊಣಕಾಲಿನಲ್ಲಿ ಮಡಚುತ್ತಿರಲಿಲ್ಲ. ಅವರನ್ನು ನೇಪಾಳದ ಪಶುಪತಿನಾಥನ ಮುಂದೆ ನಿಲ್ಲಿಸುತ್ತೇನೆಂದು ದೊಡ್ಡವ್ವ ಹರಕೆ ಹೊತ್ತಿದ್ದಳು. ಹಿಂದಿ ಬರುತ್ತದೆಂದು ನನ್ನನ್ನು ಜೊತೆಗೆ ಕರೆದುಕೊಂಡಳು.

ಕಡಕ್ ರೊಟ್ಟಿಯ ಡಬ್ಬಿ, ನಮ್ಮ ಕಡೆಯ ಚಟ್ನಿಪುಡಿ ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟೆವು. ರೈಲು ಬದಲಿಸಿ ಬದಲಿಸಿ ಕೊನೆಗೆ ಬಿಹಾರದ ಗಡಿಯೂರಿನಲ್ಲಿ ಇಳಿದರೆ ಸ್ಟೇಷನ್ನಿನ ಮುಂದೆ ಸಾಲಾಗಿ ಟಾಂಗಾಗಳು. ದೊಡ್ಡಪ್ಪನಿಗೆ ಖುಷಿಯೋ ಖುಷಿ. “ನಮ್ಮ ಇಜಾಪುರದ ಟಾಂಗಾ ನಮಗಿಂತ ಮೊದಲ ಇಲ್ಲಿ ಬಂದು ನಿಂತಾವಲ್ಲಬೇ!”

ದೊಡ್ಡವ್ವ ಮುಂದೆ ಟಾಂಗಾದವನ ಪಕ್ಕದಲ್ಲಿ ಕುಳಿತಳು. ದೊಡ್ಡಪ್ಪ ಮತ್ತು ನಾನು ಹಿಂದೆ, ಬಂದ ದಾರಿಯ ಕಡೆ ಮುಖ ಮಾಡಿಕೊಂಡು. ಅವರ ಮಡಚದ ಕಾಲು ಹೊರಗೆ ಚಾಚಿಕೊಂಡಿತ್ತು, ತೊಡೆಯ ಮೇಲೆ ರೊಟ್ಟಿ ಡಬ್ಬಿ. ಈ ಕಡೆಯ ಪೊಲೀಸರು ನಮ್ಮನ್ನೊಮ್ಮೆ ನೋಡಿ ಬಿಟ್ಟುಬಿಟ್ಟರು. ಮುಂದೆ ಸೇತುವೆ. ಅದರಾಚೆ ರಸ್ತೆಗೆ ಅಡ್ಡಲಾಗಿ ಒಂದು ಉದ್ದನೆಯ ಗಳ. ಅದೇ ನೇಪಾಳ.

“ನಿಂದರಸಪಾ! ಸೀಮಿ ಬಂತು,” ಎಂದಳು ದೊಡ್ಡವ್ವ. ಭಾಷೆ ತಿಳಿಯದಿದ್ದರೂ ಅವಳ ಕೈ ನೋಡಿ ಟಾಂಗಾದವನು ನಿಲ್ಲಿಸಿದ. ಕೆಳಗಿಳಿದು ಅವಳಿಗೆ ಕೈಯಾಸರೆ ಕೊಟ್ಟ. ನಾನೂ ಇಳಿದೆ. ಅವಳು ಚೀಲದಿಂದ ತೆಂಗಿನಕಾಯಿ ತೆಗೆದಳು.

ಬಬಲೇಶ್ವರದ ಸಂತೆಯಿಂದ ಹೊಸ ಜೋಡೆತ್ತು ಹೊಡೆದುಕೊಂಡು ಬಂದರೆ, ತಿಕೋಟಾದ ಸೀಮೆಯಲ್ಲಿ ಅವುಗಳ ಕಾಲ ಮುಂದೆ ಕಾಯಿ ಒಡೆದೇ ಊರೊಳಗೆ ತರುವುದು ನಮ್ಮ ಮನೆಯ ಪದ್ಧತಿ. ಎತ್ತುಗಳು ಕಿವಿಯನ್ನೂ ಆಡಿಸುವುದಿಲ್ಲ. ಒಂದು ದೇಶದ ಸೀಮೆಗೆ ಒಡೆಯದೆ ಹೋಗುವುದುಂಟೆ? ದೊಡ್ಡವ್ವ ಕುದುರೆಯ ಮುಖಕ್ಕೆ ಕಾಯಿ ನಿವಾಳಿಸಿ, ಅದರ ಕಾಲ ಪಕ್ಕದ ಕಲ್ಲಿಗೆ ರಪ್ಪನೆ ಹೊಡೆದಳು.

ಕುದುರೆ ಮುಂಗಾಲೆತ್ತಿ ನೆಗೆದು, ಅವಳ ಪಕ್ಕದಿಂದ ಹಾಯ್ದು ಓಟ ಕಿತ್ತಿತು. ಟಾಂಗಾದಲ್ಲಿ ದೊಡ್ಡಪ್ಪ ಒಬ್ಬರೇ.

ಅದು ನನಗೆ ಇವತ್ತಿಗೂ ಹಾಗೆಯೇ ಕಾಣುತ್ತದೆ. ಹಿಂದಿನ ಸೀಟಿನಲ್ಲಿದ್ದುದರಿಂದ ಅವರ ಮುಖ ನಮ್ಮ ಕಡೆಗೇ ಇದೆ. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಡಬ್ಬಿಯ ಸುತ್ತ. ನಮ್ಮನ್ನೇ ನೋಡುತ್ತ ಸಣ್ಣದಾಗುತ್ತ ಹೋಗುತ್ತಿದ್ದಾರೆ. ಆ ಕಡೆ ಗಳ ಮೇಲೇಳುತ್ತಿದೆ, ಲಾರಿಯೊಂದು ಹೊರಬರಲು ಮೂತಿ ಚಾಚಿದೆ. ಅವರಿಗೆ ಅದು ಕಾಣುತ್ತಿಲ್ಲ. ನನಗೆ ಕಾಣುತ್ತಿದೆ. ಎಷ್ಟೋ ಸಲ ಅಡುಗೆ ಮಾಡುತ್ತ ನಿಂತಾಗ ಈ ಚಿತ್ರ ಕಣ್ಣ ಮುಂದೆ ಬಂದು, ಲಾರಿ ಬಂದೇ ಬಿಡುತ್ತದೆ. ಕೈಯಲ್ಲಿದ್ದುದನ್ನು ಕೆಳಗಿಟ್ಟು ನಿಲ್ಲುತ್ತೇನೆ.

ನಿಜವಾಗಿ ನಡೆದದ್ದು ಬೇರೆ. ಕಾವಲಿನ ಸಿಪಾಯಿ ಗಳವನ್ನು ಸರ್ರನೆ ಕೆಳಗಿಳಿಸಿಬಿಟ್ಟ. ಲಾರಿ ಆ ಕಡೆಯೇ ಕಿರುಗುಟ್ಟಿ ನಿಂತಿತು. ಕುದುರೆಯೂ ಗಳದ ಮುಂದೆ ಗಕ್ಕನೆ ನಿಂತಿತು. ದಿನವೂ ತಪಾಸಣೆಗೆ ಅಲ್ಲಿಯೇ ನಿಲ್ಲುವ ಕುದುರೆ. ಗಳ ಕಂಡರೆ ನಿಲ್ಲಬೇಕೆಂಬುದು ಅದರ ಮೈಗೆ ಹತ್ತಿತ್ತು.

ನಾವು ಓಡಿ ಹೋಗುವಷ್ಟರಲ್ಲಿ ಸಿಪಾಯಿ ದೊಡ್ಡಪ್ಪನನ್ನು ಯಾವೂರೆಂದು ಕೇಳಿದ್ದ. “ತಿಕೋಟಾ,” ಎಂದಿದ್ದರು ಅವರು. ಬೇರೆ ಯಾವ ಪ್ರಶ್ನೆಯೂ ಇಲ್ಲ. ಡಬ್ಬಿ ತೆರೆಸಿ ನೋಡಿದ. ರೊಟ್ಟಿಯೆಲ್ಲ ಚೂರುಚೂರು.

ದೊಡ್ಡಪ್ಪ ಹೆಂಡತಿಯ ಕಡೆ ತಿರುಗಿದರು. “ಬಾವ್ಯಾಗ ಸಾಯಲಿಲ್ಲಂತ ಇಷ್ಟ ದೂರ ಕರಕೊಂಡು ಬಂದಿಯೇನ?”

ದೊಡ್ಡವ್ವ ಕೈಯಲ್ಲೇ ಹಿಡಿದು ತಂದಿದ್ದ ಒಡೆದ ಕಾಯಿಯ ಒಂದು ಹೋಳನ್ನು ಸಿಪಾಯಿಯ ಕೈಗಿಟ್ಟಳು, ಇನ್ನೊಂದನ್ನು ಕುದುರೆಯ ಬಾಯಿಗೆ ಹಿಡಿದಳು. ಅದು ಮೂಸಿ ಮುಖ ತಿರುಗಿಸಿತು.

ಹರಕೆ ತೀರಿತು. ಮರಳುವಾಗ ಸೇತುವೆ ಬರುವ ಮೊದಲೇ ಅವಳು ದೊಡ್ಡಪ್ಪನನ್ನು ಇಳಿಸಿದಳು. ತೋಳು ಹಿಡಿದು ಆ ಗಳದಿಂದ ಸೇತುವೆಯ ಈ ತುದಿಯವರೆಗೆ ನಡೆಸಿಕೊಂಡೇ ಬಂದಳು. ಟಾಂಗಾ ಖಾಲಿಯಾಗಿ ಹಿಂದೆ ಬಂತು.

“ಕಾಯಿ ಒಡಿಯೂದಿಲ್ಲೇನ ದೊಡ್ಡವ್ವಾ?”

“ಊರ ಸೀಮ್ಯಾಗ ಒಡಿತೀನಿ. ಸುಮ್ಕ ನಡಿ.”

ತಿಕೋಟಾದಲ್ಲಿ ವ್ಯಾಪಾರಿ ಕಾಕಾ ಕಾಯುತ್ತಿದ್ದರು. “ಏನ ಕೇಳಿದ್ರವ್ವಾ ಅಲ್ಲಿ?”

“ಯಾವೂರಂತ ಕೇಳಿದ್ರು. ಅಷ್ಟರಿ ಕಾಕಾ.”

ವಿಜಯಪುರದ ಜಲನಗರದಲ್ಲಿ ನನ್ನ ನೆರೆಹೊರೆಯವರು ನೇಪಾಳಕ್ಕೆ ಹೊರಟರೆ ಈಗಲೂ ನನ್ನನ್ನೇ ಕೇಳುತ್ತಾರೆ. ಅದೇ ಧೈರ್ಯದಿಂದ ಹೇಳುತ್ತೇನೆ: ವೀಸಾ ಬೇಡ, ಗುರುತಿನ ಚೀಟಿ ಇಟ್ಟುಕೊಳ್ಳಿರಿ. ಗಡಿಯಲ್ಲಿ ಗಾಡಿಯಿಂದ ಇಳಿಯುವುದಾದರೆ ಕಾಲು ನೋವಿನವರನ್ನು ಮೊದಲು ಇಳಿಸಿರಿ. ಈ ಕೊನೆಯ ಮಾತು ಯಾಕೆಂದು ಕೇಳಿದವರನ್ನು ಒಳಗೆ ಕರೆದು ಚಹಾಕ್ಕಿಡುತ್ತೇನೆ.