ಚಿಗವ್ವ ಕೇಳಿದ ನೆಟ್

ಮಾತಾಡುವಾಗ ಚಿಗವ್ವನ ಕೈಗಳು ಸುಮ್ಮನಿರುತ್ತಿರಲಿಲ್ಲ. ಅವ್ವ ಅನ್ನುವಾಗ ಬೆರಳು ಮೂಗುತಿಯ ಮೇಲೆ, ಊಟ ಅನ್ನುವಾಗ ಬಾಯಿಯ ಹತ್ತಿರ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಶಿ ಮಾಡುವಾಗಲೂ ಹಾಗೆಯೇ; ಮಾರುವವರು ದರ ಇಳಿಸದಿದ್ದರೂ ಅವಳ ಕೈ ನೋಡುತ್ತಾ ನಿಲ್ಲುತ್ತಿದ್ದರು. ಒಬ್ಬಳೇ ಮಗಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ತಾಯಿ ಮಗಳು ಸೇರಿ ಕಟ್ಟಿಕೊಂಡ ಕೈಮಾತು ಅದು. ಚಿಗವ್ವ ನನಗೆ ರಕ್ತಸಂಬಂಧಿಯೇನಲ್ಲ. ಹಳೆಯ ಊರು ಹಿನ್ನೀರಿಗೆ ಹೋದ ಮೇಲೆ ಬೀಳಗಿ ಕಡೆಯ ಈ ಪುನರ್ವಸತಿ ಕೇಂದ್ರದಲ್ಲಿ ನಮಗೆ ಎದುರುಬದುರು ಪ್ಲಾಟು ಸಿಕ್ಕಿತ್ತು, ಅಷ್ಟೇ.

ಮಗಳನ್ನು ಭಿವಂಡಿಯ ಮಗ್ಗದ ಕೆಲಸಗಾರನಿಗೆ ಕೊಟ್ಟಿದ್ದಳು. ಅವನಿಗೂ ಕಿವಿ ಕೇಳದು. ಇಬ್ಬರಿಗೂ ಓದು ಬಾರದು. ಫೋನಿನಲ್ಲಿ ಮುಖ ಕಂಡರೆ ಮಾತ್ರ ಮಾತು, ಆದರೆ ನಮ್ಮಲ್ಲಿ ಮುಖ ಕಾಣುವಷ್ಟು ನೆಟ್ ಸಿಗುತ್ತಿರಲಿಲ್ಲ. ಹಾಗಾಗಿ ನಾನು ಬೀಳಗಿಗೆ ಹೊರಟಾಗಲೆಲ್ಲ ಬೆನ್ನು ಹತ್ತಿ ಬರುತ್ತಿದ್ದಳು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ನನ್ನ ಫೋನು ನಿಲ್ಲಿಸಿ ಎರಡೂ ಕೈಯಿಂದ ಹರಟುತ್ತಿದ್ದಳು. ನನಗೂ ಕಲಿಸಿದಳು.

"ನಾ ಇಲ್ಲದಾಗ ಆಕಿ ಕೂಡ ಯಾರರ ಒಬ್ರು ಮಾತಾಡಬೇಕಲ್ಲೋ ತಮ್ಮಾ."

ದೇಶದ ಎಲ್ಲ ಪಂಚಾಯ್ತಿಗೂ ನೆಟ್ಟಿನ ಕೇಬಲ್ಲು ಬರುತ್ತದೆಂಬ ಸುದ್ದಿ ಬಂದ ವರ್ಷ ಗ್ರಾಮಸಭೆ ಜಗಳದಲ್ಲೇ ಮುಗಿಯಿತು. ಒಂದು ಪಕ್ಷದವರು ಯೋಜನೆ ನಮ್ಮದು ಅಂದರು. ಇನ್ನೊಂದು ಪಕ್ಷದವರು, ನೀವು ಹೆಸರಿಟ್ಟಿರಿ, ನೆಲ ಅಗೆಸಿದವರು ನಾವು ಅಂದರು. ಹಿಂದಿನಿಂದ ಯಾರೋ "ಮೊದಲ ನೀರಿನ ಪೈಪ್ ಹಾಕಸ್ರಿ" ಎಂದು ಕೂಗಿದರು. ಚಿಗವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಯಾರ ಹೆಸರರ ಇಡ್ರಿ ಯಪ್ಪಾ. ನನಗ ನನ್ನ ಮಗಳ ಕೈ ಕಾಣಬೇಕು."

ಜನ ನಕ್ಕರು. ಅವಳು ನಗಲಿಲ್ಲ, ಕೂರಲೂ ಇಲ್ಲ. ಅಧ್ಯಕ್ಷರು "ಬರಕೋತೀವಿ, ಕುಂದ್ರ ಯವ್ವಾ" ಅಂದ ಮೇಲೆಯೇ ಕೂತದ್ದು.

ಕೇಬಲ್ಲು ಬಂತು. ಪಂಚಾಯ್ತಿಯ ಒಂದು ಕೋಣೆಯಲ್ಲಿ ಪೆಟ್ಟಿಗೆ ಕೂರಿಸಿ, ಹಸಿರು ದೀಪ ಹತ್ತಿಸಿ ಹೋದರು. ಆದರೆ ಉದ್ಘಾಟನೆ ಯಾವ ನಾಯಕರ ಕೈಯಿಂದ ಎಂಬ ತಕರಾರು ಬಗೆಹರಿಯದೆ ಕೋಣೆಗೆ ಬೀಗ ಬಿತ್ತು. ಚಿಗವ್ವ ದಿನಾ ಹೋಗಿ ಕಿಟಕಿಯಲ್ಲಿ ಇಣುಕಿ ಬರುತ್ತಿದ್ದಳು.

"ದೀಪ ಉರಿಯಾಕತ್ತೇತಿ. ದೊಡ್ಡ ಮಂದಿ ಬರೂದಷ್ಟ ಬಾಕಿ."

ಆಗ ಮಗಳಿಗೆ ದಿನ ತುಂಬಿತ್ತು. ಇವಳಿಗೆ ಎದೆನೋವು ಶುರುವಾಗಿ, ಬೀಳಗಿಯ ಬಸ್ಸು ಹತ್ತುವ ಶಕ್ತಿ ಉಳಿದಿರಲಿಲ್ಲ.

ಬೀಗ ತೆಗೆಯುವ ಮೊದಲೇ ಚಿಗವ್ವ ಹೋದಳು. ಮಣ್ಣು ಮಾಡಿ ಬಂದವನು ನೇರ ಪಂಚಾಯ್ತಿಗೆ ಹೋಗಿ ಕೀಲಿ ಕೇಳಿದೆ. ಕಾರ್ಯದರ್ಶಿ ನನ್ನ ಮಣ್ಣುಗಾಲು ನೋಡಿ ಬಾಗಿಲು ತೆಗೆದರು, ಫೋನಿಗೆ ನೆಟ್ ಜೋಡಿಸಿಕೊಟ್ಟರು. ನನಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ.

ಮಗಳ ಮುಖ ಎಲ್ಲೂ ನಿಲ್ಲದೆ ಸ್ಪಷ್ಟವಾಗಿ ಬಂತು. ಮಡಿಲಲ್ಲಿ ಕೂಸು. ಎತ್ತಿ ತೋರಿಸಿದಳು. ಆಮೇಲೆ ಮೂಗುತಿಯ ಮೇಲೆ ಬೆರಳಿಟ್ಟು, ಅಂಗೈ ಅಲ್ಲಾಡಿಸಿ, ಅವ್ವ ಎಲ್ಲಿ ಎಂದು ಕೇಳಿದಳು.

ಸಾವಿಗೆ ಕೈ ಹೇಗೆ ಮಾಡಬೇಕೆಂದು ಚಿಗವ್ವ ಕಲಿಸಿರಲಿಲ್ಲ. ನಾನೂ ಮೂಗಿನ ಮೇಲೆ ಬೆರಳಿಟ್ಟೆ. ಅಂಗೈಯನ್ನು ಕೆನ್ನೆಗೆ ಹಚ್ಚಿ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಅವಳು ನಗುತ್ತಿದ್ದಳು. ಎಬ್ಬಿಸು, ಕೂಸು ತೋರಿಸಬೇಕು ಎಂದು ಕೈ ಮಾಡಿದಳು.