ಕರಡಿಗೆ ಕಳೆದ ದಿನ

ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಲಿಂಗಪೂಜೆ ಮಾಡದೆ ಯಾರೂ ತಿಂಡಿ ಮುಟ್ಟುವಂತಿರಲಿಲ್ಲ. ಡಿಗ್ರಿ ಎರಡನೇ ವರ್ಷದ ಹೊತ್ತಿಗೆ ನನಗೆ ಇದು ಸಾಕುಸಾಕಾಗಿತ್ತು. ಅರ್ಥ ಗೊತ್ತಿಲ್ಲದ ಮಂತ್ರವನ್ನು ಪಟಪಟನೆ ಒದರಿ ಬಸ್ಸಿಗೆ ಓಡುವುದು ಯಾವ ಸೀಮೆಯ ಭಕ್ತಿ? ಕೇಳಿದರೆ ಅವ್ವ ವಿಭೂತಿ ಗಟ್ಟಿಯನ್ನು ಮುಂದೆ ತಳ್ಳುತ್ತಿದ್ದಳು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಅವತ್ತು ಬೆಳಿಗ್ಗೆ ಅಂದೇಬಿಟ್ಟೆ. "ಇದು ಬರೀ ಕಲ್ಲವ್ವಾ. ನಾಳಿಂದ ನಾ ಕಟ್ಕೊಳ್ಳಂಗಿಲ್ಲ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಾಯಿಲೆ ಬಿಡೂದು ಸರಳ ಐತಿ," ಎಂದು ಡಬ್ಬಿ ಕೈಗಿತ್ತಳು.

ಜಯನಗರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಕಾಲೇಜಿನಲ್ಲಿ ಗೆಳತಿಯ ಪಕ್ಕ ಕೂತು, ಬೆಳಗಿನ ಮಾತನ್ನೆಲ್ಲ ಅವಳಿಗೆ ಹೇಳುತ್ತ ಡಬ್ಬಿ ತೆರೆದೆ, ರೊಟ್ಟಿ ಮುರಿದೆ. ಎಡಗೈ ತಾನಾಗಿಯೇ ಎದೆಗೆ ಹೋಯಿತು. ಮೊದಲ ತುತ್ತಿಗೆ ಮುಂಚೆ ಲಿಂಗ ಮುಟ್ಟುವುದು ಚಿಕ್ಕಂದಿನ ರೂಢಿ. ಕೈಗೆ ಬರೀ ದುಪಟ್ಟಾ ಸಿಕ್ಕಿತು. ದಾರ ಹರಿದು, ಲಿಂಗವಿಡುವ ಬೆಳ್ಳಿಯ ಕರಡಿಗೆ ಎಲ್ಲೋ ಬಿದ್ದುಹೋಗಿತ್ತು.

ಗೆಳತಿಗೆ ನಗು. "ನಾಳೆಯಿಂದ ಬಿಡ್ತೀನಿ ಅಂದ್ಯಲ್ಲೇ, ಅದೇ ಒಂದಿನ ಮುಂಚೆ ನಿನ್ನ ಬಿಡ್ತು ಅನ್ಕೋ. ತಿನ್ನು."

ಅವಳ ಮಾತು ಸರಿಯಾಗಿಯೇ ಇತ್ತು. ಮೈಮೇಲೆ ಲಿಂಗವಿಲ್ಲದೆ ನೀರನ್ನೂ ಕುಡಿಯಬಾರದೆಂಬುದು ಅವ್ವನ ನಿಯಮ, ನನ್ನದಲ್ಲ. ಆದರೂ ಮುರಿದ ತುತ್ತನ್ನು ಡಬ್ಬಿಗೇ ಹಾಕಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಊರವರನ್ನೆಲ್ಲ ಆಡಿಕೊಂಡವಳು ನಾನು. ಈಗ ಎದುರಿಗೇ ಬದನೆಕಾಯಿ ಪಲ್ಯ, ನಾನು ಮುಚ್ಚಳ ಹಾಕಿಬಿಟ್ಟೆ.

ತರಗತಿ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಸಿಕ್ಕ ಕಂಡಕ್ಟರನ್ನು ಕೇಳಿದೆ, "ಸಾರ್, ಕರಡಿಗೆ ಏನಾದ್ರೂ ಸಿಕ್ತಾ?"

"ಕರಡಿಗಾ? ಏನ್ ಸಿಗುತ್ತಮ್ಮ ಅದಕ್ಕೆ? ಕರಡಿ ನೋಡ್ಬೇಕು ಅಂದ್ರೆ ಬನ್ನೇರುಘಟ್ಟದ ಬಸ್ ಹತ್ತು."

ಸುತ್ತ ನಿಂತವರು ನಕ್ಕರು. ನನಗೂ ನಗು ಬಂತು, ಹಿಂದೆಯೇ ಅಳುವೂ ಬಂತು. ಬಿಡಿಸಿ ಹೇಳಿದ ಮೇಲೆ ಕಂಡಕ್ಟರು ತಮ್ಮ ಬಸ್ಸಿನ ಸೀಟಿನಡಿ ಬಗ್ಗಿ ನೋಡಿದರು. ಇರಲಿಲ್ಲ. ಬಂದ ಬಸ್ಸುಗಳನ್ನೆಲ್ಲ ಹತ್ತಿ ಇಳಿದೆ. ಲಿಂಗಕ್ಕಿಂತ ಅವ್ವನದೇ ಹೆದರಿಕೆ. ಬೆಳಿಗ್ಗೆ ಬಿಡುತ್ತೇನೆಂದವಳು ಸಂಜೆ ಕಳೆಯಿತೆಂದರೆ ಯಾರು ನಂಬುತ್ತಾರೆ? ಬೇಕಂತಲೇ ಎಸೆದು ಬಂದಳು ಎಂದುಕೊಂಡರೆ?

ಬಾಗಿಲು ತೆರೆದ ಅವ್ವನ ಕಣ್ಣು ನೆಟ್ಟಗೆ ನನ್ನ ಕೊರಳಿಗೆ ಹೋಯಿತು.

"ದಾರ ಹರೀತವ್ವಾ, ಬಸ್ಸಿನ್ಯಾಗ. ನಾ ಬೇಕಂತ ಮಾಡಿಲ್ಲ."

ಅವಳು ನನ್ನ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ರೊಟ್ಟಿ ಒಣಗಿ ಸೆಟೆದಿತ್ತು. ಪಲ್ಯ ಹಾಗೇ ಇತ್ತು.

"ಉಂಡಿಲ್ಲ?"

"ಇಲ್ಲ."

"ನೀರು?"

ಇಲ್ಲವೆಂದು ತಲೆಯಾಡಿಸಿದೆ.

"ಯಾಕ?"

ನಾನು ತೊಳೆಯಲೆಂದು ಡಬ್ಬಿಗೆ ಕೈ ಚಾಚಿದೆ.

"ಕಳದೈತಿ ಅಷ್ಟ. ನೀ ಬಿಟ್ಟಿಲ್ಲ," ಎಂದಳು ಅವ್ವ.

ನಂಬಿದಳಲ್ಲ ಎಂದು ಜೀವ ಹಗುರಾಯಿತು. ಬೆಳಗಿನ ಅವಳ ಮಾತೇ ಗೆದ್ದಿತಲ್ಲ ಎಂದು ಮೈಯೆಲ್ಲ ಉರಿಯಿತು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅಪ್ಪ ಮಠದಿಂದ ಹೊಸ ಲಿಂಗ ತರಲು ಚಪ್ಪಲಿ ಮೆಟ್ಟಿ ಹೊರಟರು. ಅವರು ಬರುವವರೆಗೂ ಹಸಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅವ್ವನಿಗೆ ತಿರುಗಿ ಹೇಳಲು ಒಂದು ಮಾತು ಹುಡುಕುತ್ತಲೇ ಇದ್ದೆ.